ಗಾಂವದೇವಿ ಕಲಿಸಿದ ಪಾಠ: ನೆರೆಹೊರೆಯ ಸೊಸಾಯಿಟಿಗಳು ನಡೆದು ಬಂದ ದಾರಿ

ಮುಂಬಯಿಯಲ್ಲಿ ಬಿಡಾರ ಹೂಡಿರುವ ನಮ್ಮಲ್ಲಿ ಬಹುಮಂದಿಗೆ ವರ್ಷಕ್ಕೊಮ್ಮೆ ಒಂದು ಕಾಗದ ಬರುತ್ತದೆ. ಕಟ್ಟಡದ ಬಾಗಿಲಲ್ಲಿರುವ ಸೂಚನಾ ಫಲಕದಲ್ಲಿಯೂ ಅದರ ಪ್ರತಿಯೊಂದು ತೂಗುತ್ತಿರುತ್ತದೆ. ಸೊಸಾಯಿಟಿಯ ವಾರ್ಷಿಕ ಮಹಾಸಭೆ ಇಂಥ ಭಾನುವಾರ ಇಷ್ಟು ಗಂಟೆಗೆ ಸೇರುವುದು ಎಂಬುದು ಅದರ ಮೊದಲ ಸಾಲು. ಕೋರಂ ಆಗದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ ಅದೇ ಸ್ಥಳದಲ್ಲಿ ನಡೆಸಲಾಗುವುದು ಎಂಬುದು ಕೊನೆಯ ಸಾಲು. ಕೊನೆಯ ಸಾಲನ್ನು ಓದಿದವರು ಯಾರೂ ಮೊದಲ ಸಾಲಿನ ವೇಳೆಗೆ ಬರುವುದಿಲ್ಲ. ಮಾದರಿ ಉಪನಿಯಮಗಳ ಪ್ರಕಾರ ಸದಸ್ಯರ ಮೂರರಲ್ಲಿ ಎರಡು ಪಾಲು ಅಥವಾ ಇಪ್ಪತ್ತು ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ಸಾಕು. ಅಷ್ಟೂ ಸೇರುವುದಿಲ್ಲ. ಬಂದ ಏಳೆಂಟು ಜನ ತಾರಸಿಯ ಸೋರಿಕೆ, ನೀರಿನ ಟಾಂಕಿ, ವಾಚಮನ್‌ನ ಸಂಬಳ ಇವುಗಳ ಬಗ್ಗೆ ವಾದಿಸಿ, ಚಹಾ ಕುಡಿದು, ಹೋದ ವರ್ಷದ ಕಾರ್ಯದರ್ಶಿಯನ್ನೇ ಈ ವರ್ಷವೂ ಮುಂದುವರಿಸಿ ಮನೆಗೆ ಹೋಗುತ್ತಾರೆ.

ಈ ಕಾಗದವನ್ನು ಕಂಡು ನಗುವುದು ಸುಲಭ. ಆದರೆ ಅದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಒಂದು ಚರಿತ್ರೆಯಿದೆ. ಆ ಚರಿತ್ರೆಯ ಮೊದಲ ಪುಟಗಳನ್ನು ಬರೆದವರಲ್ಲಿ ನಮ್ಮ ಉತ್ತರ ಕನ್ನಡದಿಂದ ಬಂದವರೂ ಇದ್ದರು ಎಂಬ ಸಂಗತಿ ಇಂದಿನ ತಲೆಮಾರಿಗೆ ಅಷ್ಟಾಗಿ ತಿಳಿದಿಲ್ಲ. ಅದನ್ನು ನೆನಪಿಗೆ ತಂದುಕೊಳ್ಳುವುದೇ ಈ ಲೇಖನದ ಉದ್ದೇಶ.

ಮಹಾಮಾರಿ ತೆರೆದ ಕಣ್ಣು

1896ರ ಸಪ್ಟಂಬರ ತಿಂಗಳು. ಮಾಂಡವಿಯ ಇಕ್ಕಟ್ಟಾದ ಓಣಿಗಳಲ್ಲಿ ಹಬ್ಬುತ್ತಿದ್ದ ಜ್ವರವು ಪ್ಲೇಗಿನದೆಂದು ಡಾ. ಅಕಾಸಿಯೊ ವಿಯೆಗಾಸ್ ಎಂಬ ಗೋವೆಯ ಮೂಲದ ವೈದ್ಯರು ಗುರುತಿಸಿದರು. ಕೆಲವೇ ತಿಂಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. 1891ರ ಜನಗಣತಿಯಲ್ಲಿ 8,21,764 ಇದ್ದ ನಗರದ ಜನಸಂಖ್ಯೆ 1901ರಲ್ಲಿ 7,76,006ಕ್ಕೆ ಇಳಿಯಿತು. ದಿನದಿನಕ್ಕೆ ಬೆಳೆಯುವುದೊಂದನ್ನೇ ಬಲ್ಲ ಈ ನಗರ ಹತ್ತು ವರ್ಷಗಳಲ್ಲಿ ಕುಗ್ಗಿತೆಂದರೆ ಆ ಮಾರಿಯ ಹೊಡೆತ ಎಂಥದೆಂದು ಊಹಿಸಿಕೊಳ್ಳಬಹುದು.

ಸರಕಾರ ಮೊದಲು ಬಲಪ್ರಯೋಗಕ್ಕೆ ಇಳಿಯಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಮನೆ ಮನೆಗೆ ನುಗ್ಗಿ ತಪಾಸಣೆ ನಡೆಯಿತು. ಗಾಳಿ ಬೆಳಕು ಬರಲೆಂದು ಹಂಚುಗಳನ್ನು ಕೀಳಿಸಲಾಯಿತು. ವಾಸಕ್ಕೆ ಯೋಗ್ಯವಲ್ಲವೆಂದು ಬಾಗಿಲ ಮೇಲೆ ಗುರುತು ಬರೆಯಲಾಯಿತು. ಜನ ರೋಗಕ್ಕೆ ಹೆದರಿದಷ್ಟೇ ತಪಾಸಣೆಗೂ ಹೆದರಿದರು. ಕೊನೆಗೆ, ಕೊಳೆಗೇರಿಗಳನ್ನು ಒಡೆಯದೆ, ಅಗಲವಾದ ರಸ್ತೆಗಳನ್ನು ತೆರೆಯದೆ, ಹೊಸ ಬಡಾವಣೆಗಳನ್ನು ಹಾಕದೆ ಗತ್ಯಂತರವಿಲ್ಲವೆಂದು ಅರಿತ ಸರಕಾರ 1898ರಲ್ಲಿ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್, ಗಾಂವದೇವಿಯ ನಿವೇಶನಗಳು, ದಾದರ-ಮಾಟುಂಗಾ ಬಡಾವಣೆಗಳು ಇವೆಲ್ಲ ಈ ಟ್ರಸ್ಟಿನ ಕೆಲಸ. ಬೆಂಗಳೂರಿಗೂ 1898ರಲ್ಲಿ ಇದೇ ಮಾರಿ ಬಡಿಯಿತು; ಬಸವನಗುಡಿ, ಮಲ್ಲೇಶ್ವರಗಳು ಭರದಿಂದ ಬೆಳೆದದ್ದು ಆಮೇಲೆಯೇ.

ಆದರೆ ಟ್ರಸ್ಟಿನ ಕೆಲಸದಲ್ಲಿ ಒಂದು ವಿಪರ್ಯಾಸವಿತ್ತು. ಹಳೆಯ ಮನೆಗಳನ್ನು ಒಡೆಯುವ ವೇಗದಲ್ಲಿ ಹೊಸವು ಏಳಲಿಲ್ಲ. ಎದ್ದ ಮನೆಗಳ ಬಾಡಿಗೆ ಒಡೆಸಿಕೊಂಡವರ ಕೈಗೆ ಎಟಕುವಂತಿರಲಿಲ್ಲ. ನಿವೇಶನವಿದೆ, ರಸ್ತೆಯಿದೆ, ಚರಂಡಿಯಿದೆ. ಆದರೆ ತಿಂಗಳ ಸಂಬಳದ ಗುಮಾಸ್ತನೊಬ್ಬ ಅಲ್ಲಿ ಮನೆ ಕಟ್ಟಿಸುವುದು ಹೇಗೆ? ಒಬ್ಬನಿಂದ ಆಗದು. ಹತ್ತು ಜನ ಸೇರಿದರೆ ಆದೀತೆ? ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರ ಕಥೆಯೇ ಮುಂದಿನದು.

ಹನಿಗೂಡಿದ ಹಳ್ಳ

ಕೆನರಾ ಜಿಲ್ಲೆಯ ಉತ್ತರ ಭಾಗ 1862ರಲ್ಲಿ ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಅಂದಿನಿಂದ ಕಾರವಾರ, ಕುಮಟಾ, ಹೊನ್ನಾವರಗಳ ವಿದ್ಯಾವಂತ ಯುವಕರಿಗೆ ಮುಂಬಯಿಯೇ ಕಚೇರಿಯ ಊರಾಯಿತು. ಹಡಗು ಹತ್ತಿ ಬಂದವರಲ್ಲಿ ಚಿತ್ರಾಪುರ ಸಾರಸ್ವತರು ಮೊದಲಿಗರ ಪೈಕಿ. ಅವರ ಮನೆಮಾತು ಕೊಂಕಣಿಯಾದರೂ ಊರಿನ ಶಾಲೆಯ ಓದು ಬರಹ ಕನ್ನಡದ್ದು. ಗಿರಗಾಂವ ಸುತ್ತಿನ ಚಾಳುಗಳ ಒಂದೊಂದು ಖೋಲಿಯಲ್ಲಿ ಊರಿಂದ ಬಂದ ಅಣ್ಣ ತಮ್ಮಂದಿರು, ಭಾವಂದಿರು ಒಟ್ಟಿಗೆ ಇದ್ದುಕೊಂಡು, ಕಚೇರಿಗೆ ಹೋಗಿ ಬಂದು, ಉಳಿದ ಹಣವನ್ನು ಊರಿಗೆ ಕಳಿಸುವುದು ಅವರ ಜೀವನಕ್ರಮವಾಗಿತ್ತು.

ಈ ಸಮುದಾಯದ ಹಿರಿಯರಾದ ರಾವ್‌ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಾಲ್ಮಕಿಯವರು ಮೊದಲು ಕಂಡದ್ದು ಮನೆಯ ಕಷ್ಟವನ್ನಲ್ಲ, ಸಾಲದ ಕಷ್ಟವನ್ನು. ಕಾಯಿಲೆ ಬಿದ್ದರೆ, ಮಗಳ ಮದುವೆ ಬಂದರೆ ಗುಮಾಸ್ತನಿಗೆ ಲೇವಾದೇವಿಯವನೇ ಗತಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತ್ತು. ಮರುವರ್ಷ, ಅಂದರೆ 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘವನ್ನು ಕಟ್ಟಿ ದೇಶಕ್ಕೇ ದಾರಿ ತೋರಿದ್ದರು. ತಾಲ್ಮಕಿಯವರು 1906ರ ಡಿಸೆಂಬರ್ 27ರಂದು ಮುಂಬಯಿಯಲ್ಲಿ ಪೇಟೆಯ ನೌಕರರಿಗಾಗಿ ಇನ್ನೊಂದು ಸಂಘವನ್ನು ತೆರೆದರು. ತಮ್ಮ ಗುರುಸಮಾನರಾದ ಶಾಮರಾವ್ ವಿಠ್ಠಲ ಕಾಯ್ಕಿಣಿಯವರ ಹೆಸರನ್ನೇ ಅದಕ್ಕೆ ಇಟ್ಟರು. ಅದೇ ಶಾಮರಾವ್ ವಿಠ್ಠಲ ಸಹಕಾರಿ ಬ್ಯಾಂಕು. ಮುಂಬಯಿ ಆಧಿಪತ್ಯದ ಹಳ್ಳಿಯಲ್ಲೂ ಪಟ್ಟಣದಲ್ಲೂ ಸಹಕಾರದ ಬೀಜ ಬಿತ್ತಿದ ಕೈಗಳು ಕನ್ನಡನಾಡಿನವು ಎಂಬುದು ನಾವು ಹೆಮ್ಮೆ ಪಡಬೇಕಾದ ವಿಷಯ.

1904ರ ಕಾಯಿದೆಯಲ್ಲಿ ಸಾಲ ಕೊಡುವ ಸಂಘಗಳಿಗೆ ಮಾತ್ರ ಎಡೆಯಿತ್ತು. 1912ರ ಕಾಯಿದೆ ಆ ಬೇಲಿಯನ್ನು ತೆಗೆಯಿತು. ಬೇರೆ ಉದ್ದೇಶಗಳಿಗೂ ಸಂಘ ಕಟ್ಟಬಹುದಾಯಿತು. 1913ರಲ್ಲಿ ಗೃಹನಿರ್ಮಾಣದ ವಿಚಾರವನ್ನು ಪ್ರಚಾರ ಮಾಡಲೆಂದೇ ಬಾಂಬೆ ಕೋಆಪರೇಟಿವ್ ಹೌಸಿಂಗ್ ಅಸೋಸಿಯೇಷನ್ ಹುಟ್ಟಿತು. 1915ರ ಮಾರ್ಚ್ ತಿಂಗಳಲ್ಲಿ ಗಾಂವದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ನೋಂದಣಿಯಾಯಿತು. ಇದನ್ನು ಏಷ್ಯದಲ್ಲೇ ಮೊದಲನೆಯದೆಂದು ಹೇಳುವ ರೂಢಿಯಿದೆ. ಬೆಂಗಳೂರಿನವರು ಇದನ್ನು ಒಪ್ಪಲಾರರು. 1909ರಲ್ಲೇ ಅಲ್ಲಿ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ ಸ್ಥಾಪನೆಯಾಗಿತ್ತು. ಅಂತೂ ಜಗಳ ಎರಡು ಕನ್ನಡ ಕುಟುಂಬಗಳ ನಡುವಿನದೇ ಆದ್ದರಿಂದ ತೀರ್ಪು ಕೊಡುವ ಉಸಾಬರಿ ನಮಗೆ ಬೇಡ.

ಬಾಡಿಗೆದಾರನೇ ಧಣಿ

ಗಾಂವದೇವಿಯ ಪ್ರಯೋಗದಲ್ಲಿ ಹೊಸತೇನಿತ್ತು? ಅಲ್ಲಿ ನೆಲವೂ ಕಟ್ಟಡವೂ ಒಬ್ಬೊಬ್ಬನ ಸ್ವತ್ತಲ್ಲ, ಸಂಘದ ಸ್ವತ್ತು. ಸದಸ್ಯ ಶೇರು ಕೊಳ್ಳುತ್ತಾನೆ. ಸಂಘವು ಶೇರಿನ ಹಣಕ್ಕೆ ಸಾಲವನ್ನು ಸೇರಿಸಿ ಕಟ್ಟಡ ಏಳಿಸುತ್ತದೆ. ಸದಸ್ಯ ತನ್ನದೇ ಸಂಘಕ್ಕೆ ಬಾಡಿಗೆ ಕಟ್ಟುತ್ತಾ ಹೋಗುತ್ತಾನೆ. ಇಂಗ್ಲೆಂಡಿನಲ್ಲಿ 1901ರಲ್ಲಿ ಲಂಡನ್ನಿನ ಪಶ್ಚಿಮದ ಈಲಿಂಗ್‌ನಲ್ಲಿ ಬಾಡಿಗೆದಾರರೇ ಪಾಲುದಾರರಾಗಿ ಇಂಥ ಸಂಘವೊಂದನ್ನು ಕಟ್ಟಿಕೊಂಡಿದ್ದರು. ಆ ಪದ್ಧತಿ ಇಲ್ಲಿ ಹೊಸ ಮಣ್ಣಿನಲ್ಲಿ ಬೇರೂರಿತು.

ಕಾಗದದ ಮೇಲೆ ಇದು ಹಣಕಾಸಿನ ಏರ್ಪಾಡು. ವಾಸ್ತವದಲ್ಲಿ ಅದು ಸ್ವಭಾವವನ್ನೇ ತಿದ್ದುವ ಏರ್ಪಾಡು. ಚಾಳಿನಲ್ಲಿ ನಳದ ನೀರು ಬಾರದಿದ್ದರೆ ಧಣಿಯನ್ನು ಬೈದು ಸುಮ್ಮನಿರಬಹುದು. ಇಲ್ಲಿ ಬೈಯುವುದು ಯಾರನ್ನು? ಧಣಿಯೂ ತಾನೇ. ಮೆಟ್ಟಿಲು ಗುಡಿಸುವವನಿಗೆ ಸಂಬಳ ಕೊಡಬೇಕು, ಸುಣ್ಣ ಬಳಿಸಬೇಕು, ಬಾಡಿಗೆ ಬಾಕಿ ಉಳಿಸಿಕೊಂಡ ಪಕ್ಕದ ಮನೆಯವನ ಬಾಗಿಲು ತಟ್ಟಬೇಕು, ವರ್ಷದ ಕೊನೆಗೆ ಪೈಸೆ ಪೈಸೆಯ ಲೆಕ್ಕವನ್ನು ಎಲ್ಲರ ಮುಂದೆ ಇಡಬೇಕು. ಕಚೇರಿಯಲ್ಲಿ ಸಾಹೇಬನ ಅಪ್ಪಣೆಗೆ ಕಾಯುತ್ತಿದ್ದ ಗುಮಾಸ್ತ ಮನೆಗೆ ಬಂದ ಮೇಲೆ ಠರಾವು ಮಂಡಿಸುವವನಾದ, ಅನುಮೋದಿಸುವವನಾದ, ಬೇಡವೆಂದು ಕೈ ಎತ್ತುವವನೂ ಆದ. ಅವನು ಎಷ್ಟೇ ಶೇರು ಹೊಂದಿರಲಿ, ಅವನದು ಒಂದೇ ಮತ. ದೇಶದ ಎಲ್ಲ ವಯಸ್ಕರಿಗೆ ಮತದಾನದ ಹಕ್ಕು ಬರುವುದಕ್ಕೆ ಎಷ್ಟೋ ವರ್ಷ ಮೊದಲು ಈ ಮೊಗಸಾಲೆಗಳಲ್ಲಿ ಪ್ರಜಾಪ್ರಭುತ್ವದ ಅಭ್ಯಾಸ ನಡೆದಿತ್ತೆಂದರೆ ಅತಿಶಯೋಕ್ತಿಯಾಗಲಾರದು.

1911ರಲ್ಲಿ ಸ್ಥಾಪನೆಯಾಗಿದ್ದ ಕೆನರಾ ಸಾರಸ್ವತ ಅಸೋಸಿಯೇಷನ್ನು ಸಮಾಜದ ಕೆಲಸವನ್ನು ನಡೆಸಿಕೊಂಡು ಬಂತು. ಮನೆಗಳ ಕೆಲಸ ಸಾಂತಾಕ್ರೂಜ್, ಅಂಧೇರಿಗಳ ಕಡೆಗೂ ಹಬ್ಬಿತು. 1940ರ ಸುಮಾರಿಗೆ ತಾರದೇವದಲ್ಲಿ ಎದ್ದ ವಸತಿಗೆ ಜನ ತಾಲ್ಮಕಿವಾಡಿ ಎಂದೇ ಹೆಸರಿಟ್ಟರು. ಸಹಕಾರಿಗಳ ಋಣ ತೀರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಶಿಲಾಶಾಸನ ಯಾವುದಿದೆ?

ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಇದೇ ಕಾಲದಲ್ಲಿ ಸರಕಾರವೂ ಕೈಕಟ್ಟಿ ಕೂರಲಿಲ್ಲ. 1920ರಲ್ಲಿ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ಕಾಲದಲ್ಲಿ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಎಂಬ ಇಲಾಖೆ ಹುಟ್ಟಿ, ವರಳಿ, ನಾಯಗಾಂವ, ಡಿಲೈಲ್ ರೋಡ್, ಶಿವಡಿಗಳಲ್ಲಿ ಕಾರ್ಮಿಕರಿಗಾಗಿ 207 ಚಾಳುಗಳನ್ನು ಕಟ್ಟಿತು. ಮಧ್ಯಮವರ್ಗದವರು ದಾದರ-ಮಾಟುಂಗಾದ ಹೊಸ ಬಡಾವಣೆಗಳ ಕಡೆ ಹೊರಟರು. ಅಲ್ಲಿ ಟ್ರಸ್ಟಿನ ಎಂಜಿನಿಯರಾಗಿದ್ದ ಮಂಚೇರ್ಜಿ ಜೋಶಿಯವರ ಪ್ರಯತ್ನದಿಂದ 103 ನಿವೇಶನಗಳು ಪಾರ್ಸಿಗಳಿಗೆ ಮೀಸಲಾಗಿ ದಾದರ ಪಾರ್ಸಿ ಕಾಲನಿ ಬೆಳೆಯಿತು. ಮರಗಳ ಸಾಲು, ಐದು ಉದ್ಯಾನಗಳು, ಅಂಗಡಿ ಗದ್ದಲವಿಲ್ಲದ ಓಣಿಗಳು ಇವೆಲ್ಲ ಅಲ್ಲಿ ಇಂದಿಗೂ ಕಣ್ಣಿಗೆ ತಂಪು. ಮಾಟುಂಗಾದಲ್ಲಿ ದಕ್ಷಿಣದವರು ನೆಲೆ ನಿಂತರು. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇಂದು ಅಲ್ಲಿಯೇ ಇದೆ.

ಹೊಗಳಿಕೆಯ ನಡುವೆ ಒಂದು ಮಾತನ್ನು ಹೇಳಲೇಬೇಕು. ಈ ವಸತಿಗಳಲ್ಲಿ ಬಹಳಷ್ಟು ತಮ್ಮ ತಮ್ಮ ಜಾತಿ, ಸಮುದಾಯಗಳ ಗಡಿಯೊಳಗೆ ಹುಟ್ಟಿದವು. ಅದಕ್ಕೆ ಕಾರಣವಿಲ್ಲದಿಲ್ಲ. ಸಾಲ ಕೊಡುವವನಿಗೂ ಪಡೆಯುವವನಿಗೂ ಪರಸ್ಪರ ನಂಬಿಕೆ ಬೇಕು; ಪರಸ್ಥಳದಲ್ಲಿ ಆ ನಂಬಿಕೆ ಮೊದಲು ಹುಟ್ಟುವುದು ಊರು, ಮಠ, ನೆಂಟಸ್ತಿಕೆಗಳಿಂದಲೇ. ಅಡಿಗೆಯ ವಾಸನೆಗೆ ಮೂಗು ಮುರಿಯದ ನೆರೆಯವನು ಬೇಕೆಂಬುದೂ ಸಹಜವೇ. ಆದರೆ ನಮ್ಮವರಿಗೆ ತೆರೆದ ಬಾಗಿಲು ಉಳಿದವರಿಗೆ ಮುಚ್ಚಿದ ಬಾಗಿಲಾಯಿತು. ಜಾತಿಯ ಕಾರಣಕ್ಕೆ, ಧರ್ಮದ ಕಾರಣಕ್ಕೆ, ತಟ್ಟೆಯಲ್ಲಿರುವ ಮೀನಿನ ಕಾರಣಕ್ಕೆ ಮನೆ ಸಿಗದವರು ಈ ಮಹಾನಗರದಲ್ಲಿ ಇಂದಿಗೂ ಇದ್ದಾರೆ. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಂಘವೊಂದರ ಪ್ರಕರಣದಲ್ಲಿ, ಸದಸ್ಯತ್ವವನ್ನು ಸಮುದಾಯದವರಿಗೇ ಮೀಸಲಿಡುವ ಉಪನಿಯಮ ಕಾನೂನಿಗೆ ವಿರುದ್ಧವಲ್ಲವೆಂದು ಸುಪ್ರೀಂ ಕೋರ್ಟು 2005ರಲ್ಲಿ ತೀರ್ಪಿತ್ತಿತು. ಕಾನೂನು ಒಪ್ಪಿದ್ದನ್ನೆಲ್ಲ ಮನಸ್ಸು ಒಪ್ಪಬೇಕೆಂದಿಲ್ಲ. ಪರಭಾಷೆಯ ಊರಿನಲ್ಲಿ ಬಾಗಿಲು ಹುಡುಕಿ ಅಲೆದ ನೆನಪುಳ್ಳ ನಾವಾದರೂ ಈ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಬಾಡಿಗೆಯಿಂದ ಓನರ್‌ಶಿಪ್ಪಿಗೆ

ಎರಡನೆಯ ಮಹಾಯುದ್ಧದ ನಂತರ ಚಿತ್ರ ಬದಲಾಯಿತು. 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ಬಾಡಿಗೆಯನ್ನು 1940ರ ಸಪ್ಟಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಬಡ ಬಾಡಿಗೆದಾರ ಬೀದಿಗೆ ಬೀಳಲಿಲ್ಲ, ನಿಜ. ಆದರೆ ಬರುವ ಬಾಡಿಗೆ ಸುಣ್ಣಕ್ಕೂ ಸಾಲದೆಂದು ಧಣಿಗಳು ದುರಸ್ತಿ ನಿಲ್ಲಿಸಿದರು. ಹೊಸ ಬಾಡಿಗೆ ಮನೆಗಳನ್ನು ಕಟ್ಟುವುದನ್ನೂ ನಿಲ್ಲಿಸಿದರು. ಪಗಡಿಯ ವ್ಯವಹಾರ ಬೆಳೆಯಿತು. ಹಳೆಯ ಕಟ್ಟಡಗಳು ಮಳೆಗಾಲದಲ್ಲಿ ಕುಸಿಯತೊಡಗಿದಾಗ 1969ರಲ್ಲಿ ಸರಕಾರ ದುರಸ್ತಿ ಮಂಡಲಿಯೊಂದನ್ನು ರಚಿಸಿ ಸೆಸ್ ವಿಧಿಸಿತು. ಆಗ ಅದರ ಪಟ್ಟಿಗೆ ಸೇರಿದ ಕಟ್ಟಡಗಳು 19,642.

ಬಾಡಿಗೆಗೆ ಮನೆ ಸಿಗದ ಮೇಲೆ ಉಳಿದದ್ದು ಕೊಳ್ಳುವ ದಾರಿ. ಬಿಲ್ಡರ್ ಕಟ್ಟುವುದು, ಜನ ಫ್ಲ್ಯಾಟು ಕೊಳ್ಳುವುದು, ಕೊಂಡವರು ಸೊಸಾಯಿಟಿ ಮಾಡಿಕೊಳ್ಳುವುದು ಎಂಬ ಕ್ರಮ ರೂಢಿಗೆ ಬಂತು. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆ, 1963ರ ಓನರ್‌ಶಿಪ್ ಫ್ಲ್ಯಾಟ್ಸ್ ಕಾಯಿದೆ ಇವೆರಡೂ ಈ ವ್ಯವಹಾರಕ್ಕೆ ಕಟ್ಟು ಹಾಕಿದವು. ಇಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸವನ್ನು ಗಮನಿಸಬೇಕು. ಗಾಂವದೇವಿಯಲ್ಲಿ ಮೊದಲು ಸಂಘ, ಆಮೇಲೆ ಕಟ್ಟಡ. ಹೊಸ ಕ್ರಮದಲ್ಲಿ ಮೊದಲು ಕಟ್ಟಡ, ಆಮೇಲೆ ಸಂಘ. ಒಬ್ಬರನ್ನೊಬ್ಬರು ನಂಬಿ ಸೇರಿದವರ ಜಾಗದಲ್ಲಿ ಒಂದೇ ಲಿಫ್ಟು ಹತ್ತುವ ಅಪರಿಚಿತರು ಬಂದರು. ಕೋರಂ ಆಗದಿರುವ ರೋಗದ ಮೂಲ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ.

ಇದರ ಬೆಲೆಯನ್ನೂ ನಾವು ತೆತ್ತಿದ್ದೇವೆ. ಸೊಸಾಯಿಟಿಯಾದ ಮೇಲೆ ನೆಲದ ಹಕ್ಕನ್ನು ಅದರ ಹೆಸರಿಗೆ ಬರೆದುಕೊಡುವುದು ಬಿಲ್ಡರನ ಕರ್ತವ್ಯವೆಂದು 1963ರ ಕಾಯಿದೆಯೇ ಹೇಳಿತ್ತು. ಎಷ್ಟೋ ಕಡೆ ಅದು ನಡೆಯಲೇ ಇಲ್ಲ, ಕೇಳುವವರೂ ಇರಲಿಲ್ಲ. ಗೋಡೆ ನಮ್ಮದು, ನೆಲ ಇನ್ನೊಬ್ಬರದು ಎಂಬ ತ್ರಿಶಂಕು ಸ್ಥಿತಿಯಲ್ಲಿ ಸಾವಿರಾರು ಕುಟುಂಬಗಳು ದಿನ ಕಳೆದವು. ಬಿಲ್ಡರನ ಸಹಿಯಿಲ್ಲದೆಯೂ ಹಕ್ಕುಪತ್ರ ಪಡೆಯುವ ಡೀಮ್ಡ್ ಕನ್ವೇಯನ್ಸ್ ಎಂಬ ಅವಕಾಶ 2008ರ ತಿದ್ದುಪಡಿಯಿಂದ ಬಂತು. ಕಾಗದಪತ್ರಗಳನ್ನು ಜೋಪಾನವಾಗಿ ಇಟ್ಟ ಕಾರ್ಯದರ್ಶಿಯ ಬೆಲೆ ತಿಳಿದದ್ದು ಆಗ.

ಗೇಟಿನ ಹೊರಗೆ

ಸೊಸಾಯಿಟಿಯ ಕೆಲಸ ಕಂಪೌಂಡಿನೊಳಗೆ ಮುಗಿಯಿತೇ? ಬಹುಕಾಲ ಹಾಗೆಯೇ ನಾವು ತಿಳಿದಿದ್ದೆವು. ನಮ್ಮ ಅಂಗಳ ಗುಡಿಸಿ ಕಸವನ್ನು ಗೇಟಿನ ಹೊರಗೆ ಹಾಕಿದರೆ ನಮ್ಮ ಪಾಲಿನ ಧರ್ಮ ಮುಗಿಯಿತು. ಉಳಿದದ್ದು ಮಹಾನಗರಪಾಲಿಕೆಯ ಪಾಲು. ಈ ಗ್ರಹಿಕೆಯನ್ನು ಮುರಿದವರು ಘಾಟಕೋಪರದ ಜೋಶಿ ಲೇನಿನ ನಿವಾಸಿಗಳು. 1996-97ರ ಸುಮಾರಿಗೆ ಅವರು ಕಟ್ಟಡಗಳ ಗಡಿ ದಾಟಿ ಇಡೀ ಓಣಿಯವರು ಒಂದಾದರು. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲೇ ಬೇರ್ಪಡಿಸಿ ಓಣಿಯ ರೂಪವನ್ನೇ ಬದಲಿಸಿದರು. ಪಾಲಿಕೆ ಇದನ್ನೇ ಮಾದರಿಯಾಗಿ ಇಟ್ಟುಕೊಂಡು ಎ.ಎಲ್.ಎಂ. ಎಂಬ ಯೋಜನೆಯನ್ನು ಕೈಗೊಂಡಿತು. ನಗರದಲ್ಲಿ ಇಂಥ ನೂರಾರು ಓಣಿಕೂಟಗಳು ಹುಟ್ಟಿಕೊಂಡವು. ಕೆಲವು ಬಾಳಿದವು, ಕೆಲವು ನಾಲ್ಕು ದಿನ ಮಿನುಗಿ ಆರಿದವು. ಬಾಳಿದ ಕಡೆಗಳಲ್ಲಿ ಕಾರಣವೊಂದೇ: ಬೆಳಿಗ್ಗೆ ಎದ್ದು ಕಸದ ಡಬ್ಬಿ ನೋಡುವಷ್ಟು ಹಟವಿದ್ದ ನಾಲ್ಕಾರು ಮಂದಿ, ಅವರಲ್ಲಿ ಹೆಚ್ಚಿನವರು ಗೃಹಿಣಿಯರು ಮತ್ತು ನಿವೃತ್ತರು.

ಇದೇ ಕಾಲದಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲರು 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿಯ ದಾವೆಯಿಂದ ನಗರ ಕಸದ ಬಗ್ಗೆ 2000ದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳು ಬಂದವು. 2016ರ ನಿಯಮಗಳು ಕಸವನ್ನು ಮೂಲದಲ್ಲೇ ಬೇರ್ಪಡಿಸುವ ಹೊಣೆಯನ್ನು ಪ್ರತಿ ಮನೆಯ ಮೇಲೂ ಹೊರಿಸಿದವು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಗೇಟಿನ ಹೊರಗಿನ ಮೋರಿಗೂ ಗೇಟಿನ ಒಳಗಿನ ಮನೆಗೂ ಎಂಥ ನಂಟಿದೆಯೆಂಬುದನ್ನು ಈ ನಗರ ಕಣ್ಣಾರೆ ಕಂಡಿತು. ಅಂದು ಸಿಕ್ಕಿಬಿದ್ದವರಿಗೆ ಬಾಗಿಲು ತೆರೆದು, ಬಿಸಿ ಚಹಾ ಕೊಟ್ಟು, ರಾತ್ರಿ ತಂಗಲು ಜಾಗ ಕೊಟ್ಟವರೂ ಇವೇ ಓಣಿಗಳ, ಇವೇ ಕಟ್ಟಡಗಳ ಜನ. ಆ ರಾತ್ರಿ ಯಾರೂ ಜಾತಿ ಕೇಳಲಿಲ್ಲ, ಊಟದ ರೀತಿಯನ್ನು ವಿಚಾರಿಸಲಿಲ್ಲ.

ಮುಂದಿನ ಸಭೆಗೆ

ಇಂದು ಹಳೆಯ ಸೊಸಾಯಿಟಿಗಳ ಮುಂದೆ ನಿಂತಿರುವ ದೊಡ್ಡ ಪ್ರಶ್ನೆ ಪುನರ್ನಿರ್ಮಾಣದ್ದು. ಮೂರು ಮಾಳಿಗೆಯ ಕಟ್ಟಡ ಕೆಡವಿ ಇಪ್ಪತ್ತು ಮಾಳಿಗೆ ಏಳಿಸುವ ಮಾತು ಬಂದೊಡನೆ ನಲವತ್ತು ವರ್ಷ ಸಭೆಗೆ ಬಾರದವರೂ ಬರುತ್ತಾರೆ. ಸಂಶಯ, ಪಂಗಡ, ಕೋರ್ಟು ಕಚೇರಿ ಬೆನ್ನಿಗೇ ಬರುತ್ತವೆ. ಇದನ್ನು ತಡೆಯಲೆಂದೇ ಮಹಾರಾಷ್ಟ್ರ ಸರಕಾರ 2009ರಲ್ಲಿ ನಿರ್ದೇಶನಗಳನ್ನು ಹೊರಡಿಸಿ 2019ರಲ್ಲಿ ತಿದ್ದಿತು. ಟೆಂಡರನ್ನು ಸದಸ್ಯರ ಎದುರಿಗೇ ತೆರೆಯಬೇಕು, ಬಿಲ್ಡರನ ಆಯ್ಕೆಯ ಸಭೆಗೆ ರಿಜಿಸ್ಟ್ರಾರರ ಪ್ರತಿನಿಧಿ ಹಾಜರಿರಬೇಕು, ನಡಾವಳಿಯ ಚಿತ್ರೀಕರಣವಾಗಬೇಕು ಎಂಬವು ಅವುಗಳ ತಿರುಳು. ಒಳ್ಳೆಯ ನಿಯಮಗಳೇ. ಆದರೆ ನಿಯಮಕ್ಕೆ ಜೀವ ಬರುವುದು ಓದಿಕೊಂಡು ಬಂದು ಪ್ರಶ್ನೆ ಕೇಳುವ ಸದಸ್ಯನಿಂದ. ವರ್ಷ ವರ್ಷ ಲೆಕ್ಕ ಕೇಳುವ ಅಭ್ಯಾಸವಿಲ್ಲದವನು ಕೋಟಿಗಳ ಒಪ್ಪಂದದ ದಿನ ಏನು ಕೇಳಿಯಾನು? ಕಟ್ಟಡದ ನಿರ್ಮಾಣ ವೆಚ್ಚದ ಶೇಕಡಾ 0.25ರಷ್ಟನ್ನು ಪ್ರತಿವರ್ಷ ಸಿಂಕಿಂಗ್ ಫಂಡಿಗೆ ಎತ್ತಿಡಬೇಕೆಂದು ಉಪನಿಯಮ ಹೇಳುತ್ತದೆ. ಅದನ್ನು ಎತ್ತಿಟ್ಟಿದ್ದೇವೆಯೇ ಎಂದು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ?

ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಾವು ತಪ್ಪದೆ ಹೋಗುತ್ತೇವೆ, ಹೋಗಬೇಕು ಕೂಡ. ಆದರೆ ಕಾರವಾರದ ಕಡೆಯಿಂದ ಹಡಗಿನಲ್ಲಿ ಬಂದ ಆ ಗುಮಾಸ್ತರು ನಮಗೆ ಬಿಟ್ಟುಹೋದ ಆಸ್ತಿ ವೇದಿಕೆಯ ಭಾಷಣಗಳಲ್ಲಿ ಮಾತ್ರ ಇಲ್ಲ. ಅದು ನಡಾವಳಿ ಪುಸ್ತಕದಲ್ಲಿದೆ, ರಸೀದಿಯ ಕಟ್ಟಿನಲ್ಲಿದೆ, ಶೇರುಪತ್ರದಲ್ಲಿದೆ. ಇರುವ ಊರನ್ನು ತನ್ನದೆಂದು ತಿಳಿದು ಅದರ ಮೆಟ್ಟಿಲು, ಮೋರಿ, ಮರಗಳ ಹೊಣೆ ಹೊರುವುದೂ ಕನ್ನಡಿಗನ ಗುಣವೇ ಎಂಬುದನ್ನು ಅವರು ಗಾಂವದೇವಿಯಲ್ಲಿ ತೋರಿಸಿಕೊಟ್ಟರು. ನೆರೆಯವನು ಮರಾಠಿಗನೋ, ಗುಜರಾತಿಯೋ, ಮಲೆಯಾಳಿಯೋ ಆಗಿರುವ ಇಂದಿನ ಕಟ್ಟಡದಲ್ಲಿ ಅದೇ ಪಾಠವನ್ನು ಇನ್ನಷ್ಟು ವಿಶಾಲವಾಗಿ ಆಚರಿಸುವ ಅವಕಾಶ ನಮಗಿದೆ.

ಮುಂದಿನ ಸಲ ಸೂಚನಾ ಫಲಕದಲ್ಲಿ ಆ ಕಾಗದ ಕಂಡಾಗ ಕೊನೆಯ ಸಾಲನ್ನು ಬಿಟ್ಟು ಮೊದಲ ಸಾಲನ್ನು ಮಾತ್ರ ಓದೋಣ. ಹೇಳಿದ ವೇಳೆಗೆ ಹೋಗಿ ಕುಳಿತುಕೊಳ್ಳೋಣ.